ಎಕ್ಸ್‌ಪ್ರೆಸ್ ಬಸ್ಸಿನೊಳಗೊಂದು ಬೈಕ್ ರೇಸ್

ಬೆಳಿಗ್ಗೆ ಏಳೂ ನಲವತ್ತಕ್ಕೆ ಕಟಪಾಡಿಯಲ್ಲಿ ಬಸ್ ಹತ್ತುತ್ತೇನೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್. ಸೀಟು ಸಿಕ್ಕಿದರೆ ಪುಣ್ಯ, ಡ್ರೈವರ್ ಹಿಂದಿನ ಸೀಟು ಸಿಕ್ಕಿದರೆ ದೊಡ್ಡ ಪುಣ್ಯ. ಕೂತ ಕೂಡಲೇ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಫೋನು, ಫೋನಿನೊಳಗೆ ನನ್ನ ಬೈಕು. ಕಾಪು ದಾಟುವಾಗ ಬಸ್ಸು ಎಂಬತ್ತರಲ್ಲಿ ಇರುತ್ತದೆ, ನಾನು ನೂರ ಅರವತ್ತರಲ್ಲಿ ಇರುತ್ತೇನೆ.

ತಮಾಷೆ ಏನು ಗೊತ್ತಾ, ಆಟದಲ್ಲಿ ನನಗೆ ಅಡ್ಡ ಬರುವುದೇ ಬಸ್ಸು, ಲಾರಿ. ನಿಜದಲ್ಲಿ ನಾನು ಕೂತಿರುವುದು ಅಂಥದ್ದೇ ಒಂದು ಬಸ್ಸಿನಲ್ಲಿ. ಹೊರಗೆ ಯಾರೋ ಹುಡುಗ ಹೆಲ್ಮೆಟ್ ಇಲ್ಲದೆ ನಮ್ಮ ಬಸ್ಸನ್ನು ಸವರಿಕೊಂಡು ಮುಂದೆ ಹೋದರೆ, ಕೈಯಲ್ಲಿ ಅದೇ ಆಟ ಇಟ್ಟುಕೊಂಡಿರುವ ನಾನೇ ಮೊದಲು ಬೈಯುವವನು.

ವಯಸ್ಸು ನಲವತ್ತಮೂರು. ಮಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಈ ವಯಸ್ಸಿನಲ್ಲಿ ಮೊಬೈಲ್ ಬೈಕ್ ಆಟದ ಬಗ್ಗೆ ಇಷ್ಟುದ್ದ ಬರೆಯುವುದಕ್ಕೆ ಸ್ವಲ್ಪ ನಾಚಿಕೆ ಆಗಬೇಕಿತ್ತು, ಆಗುತ್ತಿಲ್ಲ. ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ ಕಳೆಯುವವನು ನಾನು. ಅದರಲ್ಲಿ ಅರ್ಧ ನಿದ್ದೆ, ಉಳಿದರ್ಧ ಇದು.

ಈ ಚಟ ಹೊಸದೇನಲ್ಲ. ಕಾಲೇಜಿಗೆ ಹೋಗುವಾಗ ಉಡುಪಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಗಂಟೆಗೆ 25 ರೂಪಾಯಿ. ಇಮೇಲ್ ನೋಡುವ ನೆಪದಲ್ಲಿ ಹೋಗಿ ರೋಡ್ ರ‍್ಯಾಶ್ ಆಡುತ್ತಿದ್ದೆವು. 1991ರಲ್ಲಿ, ಟಿವಿಗೆ ಜೋಡಿಸಿ ಆಡುವ ಸೆಗಾ ಯಂತ್ರಕ್ಕೆ ಅಂತ ಬಂದ ಆಟ, ಆಮೇಲೆ ಕಂಪ್ಯೂಟರಿಗೂ ಬಂತು. ನನ್ನ ವಯಸ್ಸಿನವರಿಗೆ ಹೇಳುವುದೇ ಬೇಡ. ಪಕ್ಕದ ಸವಾರನಿಗೆ ಒದೆಯುವುದು, ಅವನ ಕೈಯಲ್ಲಿದ್ದ ಚೈನು ಕಿತ್ತುಕೊಂಡು ಅವನಿಗೇ ಬಾರಿಸುವುದು, ಬಿದ್ದರೆ ಎದ್ದು ಓಡಿಹೋಗಿ ಬೈಕು ಹತ್ತುವುದು. ಪೊಲೀಸ್ ಹಿಡಿದರೆ ಮುಗಿಯಿತು. ಅದರಲ್ಲಿ ಟಿಪ್ಸು ಅಂತ ಏನೂ ಇರಲಿಲ್ಲ, ಸುಮ್ನೆ ಒದೆಯುತ್ತಾ ಹೋಗುವುದು. ಮೂರು ಜನ ಒಂದೇ ಕುರ್ಚಿಯ ಸುತ್ತ ನಿಂತು ಬೊಬ್ಬೆ ಹೊಡೆಯುತ್ತಿದ್ದೆವು, ಕೆಫೆಯವರು ಬಂದು ನಮ್ಮನ್ನು ಹೊರಗೆ ಹಾಕುತ್ತಿದ್ದರು.

ಈಗ ನಾನು ಆಡುವುದು ಟ್ರಾಫಿಕ್ ರೈಡರ್. ಟರ್ಕಿಯ ಸೋನರ್ ಕಾರಾ ಮಾಡಿದ್ದು, 2016ರಲ್ಲಿ ಬಂತು. ಇದರಲ್ಲಿ ಒದೆಯುವುದಿಲ್ಲ, ಬಡಿಯುವುದಿಲ್ಲ. ನಿಮ್ಮ ಕಣ್ಣಿಗೆ ಕಾಣುವುದು ಬೈಕಿನ ಹ್ಯಾಂಡಲ್, ಎರಡು ಕೈ, ಮೀಟರು, ಎದುರಿಗೆ ರಸ್ತೆ. ಬೈಕಿನ ಮೇಲೆ ಕೂತವನಿಗೆ ಹೇಗೆ ಕಾಣುತ್ತದೋ ಹಾಗೆ. ಇಂಜಿನ್ ಶಬ್ದ ನಿಜವಾದ ಬೈಕುಗಳಿಂದ ರೆಕಾರ್ಡ್ ಮಾಡಿದ್ದು. ಲೆಕ್ಕ ಬಹಳ ಸರಳ. ಜೋರಾಗಿ ಹೋದಷ್ಟು ಸ್ಕೋರು. 100 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ವಾಹನಗಳನ್ನು ಸವರಿಕೊಂಡು ಹೋದರೆ ಬೋನಸ್ಸು. ಎರಡೂ ಕಡೆಯಿಂದ ಗಾಡಿ ಬರುವ ರಸ್ತೆಯಲ್ಲಿ ಎದುರು ದಿಕ್ಕಿಗೆ ನುಗ್ಗಿದರೆ ಇನ್ನಷ್ಟು. ಮುಂದಿನ ಚಕ್ರ ಎತ್ತಿ ವ್ಹೀಲಿ ಮಾಡಿದರೆ ಅದಕ್ಕೂ ದುಡ್ಡು. ಗುದ್ದಿದರೆ ಧಡ್.

ಮೊದಲ ಎರಡು ತಿಂಗಳು ನನ್ನದು ಬರೀ ಧಡ್.

ನನಗೆ ದಾರಿ ತೋರಿಸಿದ್ದು ಅಕ್ಕನ ಮಗ. ಸುರತ್ಕಲ್‌ನಲ್ಲಿ ಇರುತ್ತಾನೆ, ಹದಿನೈದು ವರ್ಷ. ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಚಾವಡಿಯಲ್ಲಿ ನನ್ನ ಪಕ್ಕ ಕೂತು ಹತ್ತು ನಿಮಿಷ ನಾನು ಆಡುವುದನ್ನು ನೋಡಿದ. ಏನೂ ಮಾತಾಡಲಿಲ್ಲ. ಆಮೇಲೆ ವೈದ್ಯರು ರೋಗ ಹೇಳುವ ಹಾಗೆ ಹೇಳಿದ: "ಮಾಮ, ನೀವು ಎದುರಿನ ಕಾರಿನ ಡಿಕ್ಕಿಯನ್ನೇ ನೋಡ್ತಾ ಇರ್ತೀರಿ. ಅದಕ್ಕೇ ಹೋಗಿ ಅದಕ್ಕೇ ಗುದ್ದುದು."

ಸತ್ಯ. ನಾನು ನೋಡುತ್ತಿದ್ದದ್ದು ನನ್ನ ಮುಂದಿನ ಚಕ್ರದಿಂದ ಒಂದು ಗಾಡಿಯಷ್ಟು ದೂರ. ಅವನು ಬೆರಳಿಟ್ಟು ತೋರಿಸಿದ್ದು ಪರದೆಯ ಮೇಲಿನ ಕಡೆ, ರಸ್ತೆ ಸಪೂರವಾಗಿ ಒಂದು ಚುಕ್ಕೆಯಾಗುವ ಜಾಗ. "ಇಲ್ಲಿ ನೋಡಿ. ಕೆಳಗಿಂದು ತಾನಾಗಿ ಕಾಣ್ತದೆ." ಈ ಬರಹದಲ್ಲಿ ನೀವು ಒಂದೇ ಒಂದು ಟಿಪ್ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಉಳಿದದ್ದೆಲ್ಲ ಒಗ್ಗರಣೆ.

ಯಾಕೆ ಅಂತ ಲೆಕ್ಕ ಹಾಕಿದೆ, ನನ್ನ ಕೆಲಸವೇ ಅದಲ್ವಾ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಮ್ಮ ಕಂಬಳದ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ದಾರಿ, ಹೆಚ್ಚುಕಡಿಮೆ 140 ಮೀಟರ್ ಇರುತ್ತದೆ ಅಂತ ಇಟ್ಟುಕೊಳ್ಳಿ. ಒಳ್ಳೆಯ ಕೋಣಗಳು ಅದನ್ನು ಓಡಿ ಮುಗಿಸಲು ಹನ್ನೆರಡು ಹದಿಮೂರು ಸೆಕೆಂಡು ಬೇಕು. ಈ ಬೈಕಿಗೆ ಐದೇ ಸೆಕೆಂಡು. ಎದುರಿನ ಕಾರು 20 ಮೀಟರ್ ದೂರದಲ್ಲಿ ಬ್ರೇಕ್ ಹಾಕಿ ನಿಂತಿತು ಅಂದರೆ ನಿಮ್ಮ ಹತ್ತಿರ ಒಂದು ಸೆಕೆಂಡೂ ಇಲ್ಲ. ಕಣ್ಣು ನೋಡಿ, ತಲೆಗೆ ಗೊತ್ತಾಗಿ, ಬೆರಳು ಅಲ್ಲಾಡುವಷ್ಟರಲ್ಲಿ ಅದರಲ್ಲಿ ಒಂದು ಪಾಲು ಹೋಗಿರುತ್ತದೆ. ದೂರ ನೋಡಿದರೆ ನಾಲ್ಕು ಸೆಕೆಂಡು ಸಿಗುತ್ತದೆ. ನಾಲ್ಕು ಸೆಕೆಂಡಿನಲ್ಲಿ ಎಷ್ಟೋ ಕೆಲಸ ಮಾಡಬಹುದು.

ದೂರ ನೋಡಲು ಕಲಿತ ಮೇಲೆ ಬೇರೆ ವಿಷಯಗಳೂ ಕಾಣಿಸತೊಡಗಿದವು. ಆಟದ ಕಾರುಗಳು ಲೇನ್ ಬದಲಿಸುವ ಮೊದಲು ಇಂಡಿಕೇಟರ್ ಹಾಕುತ್ತವೆ! ಎರಡು ತಿಂಗಳು ಆಡಿದರೂ ನನಗೆ ಇದು ಗೊತ್ತೇ ಇರಲಿಲ್ಲ. ಬಹುಶಃ ನಮ್ಮ ಊರಿನ ರಸ್ತೆಯಲ್ಲಿ ಓಡಿಸಿ ಓಡಿಸಿ, ಇಂಡಿಕೇಟರ್ ಅಂದರೆ ಯಾರೋ ಆಫ್ ಮಾಡಲು ಮರೆತದ್ದು ಅಂತ ಮನಸ್ಸಿಗೆ ಕೂತುಬಿಟ್ಟಿದೆ. ಆಟದಲ್ಲಿ ಅದನ್ನು ನಂಬಬಹುದು. ಮಿಣಿ ಮಿಣಿ ಕಂಡರೆ ಆ ಕಡೆಯ ಸಂದಿಯ ಆಸೆ ಬಿಡಿ.

ಎರಡನೆಯದು ನಿಲ್ಲುವ ಜಾಗ. ಹೊಸಬರು ಲೇನಿನ ನಟ್ಟನಡುವೆ, ಕಾರಿನ ಬೆನ್ನ ಹಿಂದೆಯೇ ಓಡಿಸುತ್ತಾರೆ. ಹಾಗಿದ್ದರೆ ಎಡಕ್ಕೋ ಬಲಕ್ಕೋ ಹೋಗಲು ಪೂರ್ತಿ ಅರ್ಧ ಲೇನು ಸರಿಯಬೇಕು. ಅದರ ಬದಲು ಎರಡು ಲೇನುಗಳ ನಡುವಿನ ಬಿಳಿ ಗೆರೆಯ ಮೇಲೆ ಇರಿ. ಎರಡು ಸಾಲು ಗಾಡಿಗಳ ನಡುವೆ ಒಂದು ಓಣಿ ಇದ್ದ ಹಾಗೆ. ಎಡದಲ್ಲೊಂದು ಬಲದಲ್ಲೊಂದು ಗಾಡಿ ತಾನಾಗಿ ಹತ್ತಿರದಿಂದ ಹಾದುಹೋಗುತ್ತದೆ, ಬೋನಸ್ಸು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬರುತ್ತದೆ. ನಾನು ಸುಮ್ನೆ ಅತ್ತ ಇತ್ತ ಹಾವಿನ ಹಾಗೆ ಹೊರಳಾಡುತ್ತಿದ್ದೆ, ಅದು ನೋಡಲು ಚಂದ ಅಷ್ಟೆ. ಸಣ್ಣ ಸಣ್ಣ ಸರಿದಾಟ ಸಾಕು.

ಇನ್ನು ವೇಗ. ಎಲ್ಲರೂ ಮಾಡುವ ತಪ್ಪು ಆಕ್ಸಿಲರೇಟರನ್ನು ಒತ್ತಿ ಹಿಡಿದು ಬಿಡದೇ ಇರುವುದು. ಬೋನಸ್ಸಿಗೆ ಬೇಕಾದದ್ದು ನೂರರ ಗೆರೆ ದಾಟಿರುವುದು. ಗಾಡಿಗಳು ದಟ್ಟವಾಗಿದ್ದರೆ ನೂರಹತ್ತರ ಆಸುಪಾಸಿನಲ್ಲಿ ಇದ್ದು ಒಂದೊಂದನ್ನೇ ಸವರಿಕೊಂಡು ಹೋಗಿ, ರಸ್ತೆ ಖಾಲಿಯಾದ ಕಡೆ ಪೂರ್ತಿ ತಿರುಗಿಸಿ. ವ್ಹೀಲಿ ಕೂಡ ಅಂಥ ಖಾಲಿ ಜಾಗದಲ್ಲೇ. ಎದುರು ದಿಕ್ಕಿಗೆ ನುಗ್ಗುವುದನ್ನು ಕೈ ಪಳಗುವ ತನಕ ಮುಟ್ಟಬೇಡಿ. ಯಾಕೆಂದರೆ ಅಲ್ಲಿ ನಿಮ್ಮ ವೇಗಕ್ಕೆ ಎದುರಿನವನ ವೇಗವೂ ಸೇರುತ್ತದೆ, ಇದ್ದ ನಾಲ್ಕು ಸೆಕೆಂಡು ಎರಡಾಗುತ್ತದೆ.

ದುಡ್ಡಿನ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ, ಆಟದ ದುಡ್ಡಿನಲ್ಲೂ. ಮೂವತ್ತಕ್ಕೂ ಹೆಚ್ಚು ಬೈಕುಗಳು ಸಾಲಾಗಿ ನಿಂತಿರುತ್ತವೆ, ಮುಂದಿನದು ಯಾವಾಗಲೂ ಇದಕ್ಕಿಂತ ಚಂದ. ಹೊಸದಕ್ಕೆ ಹಾರುವ ಮೊದಲು ಇದ್ದದ್ದಕ್ಕೆ ಹ್ಯಾಂಡ್ಲಿಂಗು, ಬ್ರೇಕು ಸರಿ ಮಾಡಿಸಿ. ವೇಗ ಕೊನೆಗೆ. ತಿರುಗಲು ಬಾರದ ಬೈಕಿಗೆ ವೇಗ ಹಾಕಿದರೆ ಬೇಗ ಹೋಗಿ ಗುದ್ದುತ್ತೀರಿ, ಅಷ್ಟೇ. ನಿಜವಾದ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಡಿ ಅಂತ ನನ್ನ ಅಭಿಪ್ರಾಯ. ಮಕ್ಕಳ ಕೈಗೆ ಫೋನು ಕೊಡುವವರು ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಟ್ಟುಕೊಳ್ಳಿ. ನಮ್ಮ ಭಾವನವರು ಇಟ್ಟಿರಲಿಲ್ಲ. ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜು ಬಂದ ದಿನ ಆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲವಂತೆ.

ಈಗ ಫೋನಿನ ವಿಷಯಕ್ಕೆ ಬರುತ್ತೇನೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಬ್ಯಾಟರಿ ಉಳಿಸುವ ಮೋಡ್ ಹಾಕಿಕೊಂಡು ಆಡಬೇಡಿ. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದರೆ, ನೂರರ ವೇಗದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ನಿಮ್ಮ ಬೈಕು 46 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅದು 30ಕ್ಕೆ ಇಳಿದರೆ 93 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಮೀಟರ್ ಕುರುಡು! ಏಪ್ರಿಲ್ ಮೇ ತಿಂಗಳ ನಮ್ಮ ಸೆಕೆಯಲ್ಲಿ ಬ್ಯಾಟರಿ ಮೋಡ್ ಹಾಕದಿದ್ದರೂ ಇದೇ ಕತೆ. ಫೋನು ಬಿಸಿಯಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ಪ್ರೊಸೆಸರ್ ನಿಧಾನವಾಗುತ್ತದೆ, ಆಟ ತಡೆದು ತಡೆದು ಓಡುತ್ತದೆ. ಹಿಂದಿನ ದಪ್ಪ ಕವರು ತೆಗೆದರೆ ಸ್ವಲ್ಪ ಉಪಕಾರ. ಚಾರ್ಜಿಗೆ ಹಾಕಿಕೊಂಡು ಆಡುವುದಂತೂ ಬೇಡವೇ ಬೇಡ.

ಬ್ಲೂಟೂತ್ ಇಯರ್‌ಫೋನ್ ಕೂಡ ಅಷ್ಟೆ. ಸಾಮಾನ್ಯವಾದದ್ದರಲ್ಲಿ ಶಬ್ದ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಆ ತಡ ಅಂದರೆ ಐದು ಮೀಟರು, ಅರ್ಧ ಬಸ್ಸಿನ ಉದ್ದ. ವಯರಿನ ಹಳೇ ಇಯರ್‌ಫೋನೇ ಒಳ್ಳೆಯದು. ಮತ್ತೆ ಬೆರಳು ಒರೆಸಿಕೊಳ್ಳಿ. ಬೆವರಿದ ಹೆಬ್ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಬಂಗುಡೆ ಫ್ರೈ ತಿಂದ ಕೈಯಲ್ಲಿ ಆಡಿದ ದಿನದ ಸ್ಕೋರು ನಾನು ಇಲ್ಲಿ ಬರೆಯುವುದಿಲ್ಲ. ಆಡುವ ಮೊದಲು ಕರೆಗಳನ್ನು ಸೈಲೆಂಟಿಗೆ ಹಾಕಿ, ಅತಿ ದೊಡ್ಡ ಸ್ಕೋರಿನ ಹೊತ್ತಿಗೇ ಲೋನ್ ಬೇಕಾ ಅಂತ ಫೋನು ಬರುವುದು.

ಇನ್ನು ಕಂಟ್ರೋಲು. ಫೋನನ್ನೇ ಓರೆ ಮಾಡಿ ಬೈಕು ತಿರುಗಿಸಬಹುದು, ಇಲ್ಲವೇ ಪರದೆಯ ಮೇಲಿನ ಬಟನ್ ಒತ್ತಿ. ಮನೆಯಲ್ಲಿ ಆಡುವವರಿಗೆ ಓರೆ ಮಾಡುವುದೇ ಚಂದ. ಎಷ್ಟು ಓರೆಗೆ ಎಷ್ಟು ತಿರುಗಬೇಕು ಅನ್ನುವುದು ಕೈಗೆ ಬೇಗ ಗೊತ್ತಾಗುತ್ತದೆ. ನಾನೂ ಅದನ್ನೇ ರೂಢಿ ಮಾಡಿಕೊಂಡಿದ್ದೆ. ಆದರೆ ಬಸ್ಸಿನಲ್ಲಿ ಒಂದು ವಿಚಿತ್ರ. ಮನೆಯಲ್ಲಿ ನೆಟ್ಟಗೆ ಹೋಗುವ ಬೈಕು ಬಸ್ಸಿನಲ್ಲಿ ನನ್ನ ಮಾತೇ ಕೇಳುತ್ತಿರಲಿಲ್ಲ. ಪಡುಬಿದ್ರಿ ಹತ್ತಿರ ಒಂದು ದಿನ ನಮ್ಮ ಡ್ರೈವರು ಟ್ಯಾಂಕರ್ ಒಂದನ್ನು ಹಿಂದೆ ಹಾಕಲು ಬಲಕ್ಕೆ ಎಳೆದರು ನೋಡಿ, ನನ್ನ ಬೈಕು ಎಡಕ್ಕೆ ಹೋಗಿ ಲಾರಿಗೆ ಬಡಿಯಿತು. ಇನ್ನೊಂದು ಸಲವೂ ಹಾಗೇ.

ಆಮೇಲೆ ಕೂತು ಯೋಚಿಸಿದೆ. ಫೋನಿನೊಳಗೆ ಓರೆ ಅಳೆಯುವ ಆಕ್ಸಿಲರೋಮೀಟರಿಗೆ ಭೂಮಿಯ ಸೆಳೆತ ಯಾವುದು, ಬಸ್ಸಿನ ಎಳೆತ ಯಾವುದು ಅಂತ ಬೇರೆ ಬೇರೆ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಕೆಳಗೆ ಅಂದರೆ ಯಾವ ಕಡೆ ಅಂತ ತೀರ್ಮಾನ ಮಾಡುತ್ತದೆ. ಬಸ್ಸು ಬಲಕ್ಕೆ ಹೋದರೆ ನಾವೆಲ್ಲ ಎಡಕ್ಕೆ ವಾಲುತ್ತೇವಲ್ಲ, ಫೋನಿಗೂ ಹಾಗೇ ಅನಿಸುತ್ತದೆ, ಎಡಕ್ಕೆ ಓರೆಯಾದೆ ಅಂತ. ಹಾಗಾಗಿ ಬೈಕು ಎಡಕ್ಕೆ. ಅಂದರೆ ಇಷ್ಟು ದಿನ ನನ್ನ ಬೈಕನ್ನು ಅರ್ಧ ಓಡಿಸುತ್ತಿದ್ದದ್ದು ಎಕ್ಸ್‌ಪ್ರೆಸ್ಸಿನ ಡ್ರೈವರು! ಬಸ್ಸಿನಲ್ಲಿ, ರೈಲಿನಲ್ಲಿ ಆಡುವವರು ಬಟನ್ ಇಟ್ಟುಕೊಳ್ಳಿ.

ಈ ಜ್ಞಾನೋದಯದ ದಿನವೇ ನಾನು ಮೊದಲ ಸಲ ಫೋನಿನಿಂದ ತಲೆ ಎತ್ತಿ ಆ ಡ್ರೈವರನ್ನು ಸರಿಯಾಗಿ ನೋಡಿದ್ದು. ಎದುರಿನ ಕಟ್ಟೆಯ ಮೇಲೆ ಶಂಕರಪುರದ ಮಲ್ಲಿಗೆಯ ಕಟ್ಟುಗಳು, ಬಾಳೆ ಎಲೆಯಲ್ಲಿ ಸುತ್ತಿದ್ದು, ಮಂಗಳೂರಿಗೆ ಹೋಗುವಂಥದ್ದು. ಅದರ ಪರಿಮಳಕ್ಕೂ ಡೀಸೆಲ್ ವಾಸನೆಗೂ ಜಗಳ. ಹಿಂದಿನಿಂದ ಕಂಡಕ್ಟರು "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ ಮುಂದೆ ಹೋಗಿ ಅಂತ) ಅನ್ನುತ್ತಾ ಜನರನ್ನು ತಳ್ಳುತ್ತಿದ್ದ. ಡ್ರೈವರಿಗೆ ಇದು ಯಾವುದೂ ಇಲ್ಲ. ಮೇಲಿನ ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು. ನಮ್ಮ ಎದುರಿಗೇ ಒಂದು ಪಿಕಪ್ ಇತ್ತು, ಅದರ ಕಡೆ ಅವರು ನೋಡುತ್ತಲೇ ಇರಲಿಲ್ಲ. ಅದರಾಚೆ, ಅದರ ಎದುರಿನ ಕಾರಿನಾಚೆ, ಎಲ್ಲೋ ಹೆಜಮಾಡಿಯ ಕಡೆಗೆ. ಕಾಲು ಮಾತ್ರ ಆಗಾಗ ಬ್ರೇಕಿನ ಮೇಲೆ ಸುಮ್ಮನೆ ಮುಟ್ಟಿ ಬರುತ್ತಿತ್ತು. ಅವರು ಕಾಲು ಇಟ್ಟು ಒಂದೆರಡು ಸೆಕೆಂಡು ಆದ ಮೇಲೆ ಪಿಕಪ್‌ನ ಕೆಂಪು ಲೈಟು ಹತ್ತುತ್ತಿತ್ತು. ಎದುರಿನವನಿಗಿಂತ ಮೊದಲು ಹಿಂದಿನವನು ಬ್ರೇಕ್ ಹಾಕುವುದನ್ನು ನಾನು ನೋಡಿದ್ದು ಅವತ್ತೇ.

ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಡೆಯಲಾರದೆ ಕೇಳಿಯೇ ಬಿಟ್ಟೆ. ಅವರು ಬಾಟಲಿಯಿಂದ ನೀರು ಕುಡಿದು ಬಾಯಿ ಒರೆಸಿಕೊಂಡು ಹೇಳಿದರು: "ಎದುರಿನ ಗಾಡಿ ಎಂತಕ್ಕೆ ನೋಡುದು ಮಾರಾಯ್ರೆ? ಅದು ಹೋಗ್ತಾ ಉಂಟಲ್ಲ. ಅದರ ಎದುರಿಂದು ಎಂತ ಮಾಡ್ತದೆ ನೋಡ್ಬೇಕು."

ಅಕ್ಕನ ಮಗ ಹೇಳಿದ್ದೂ ಇದನ್ನೇ. ಒಬ್ಬನಿಗೆ ಲೈಸೆನ್ಸೇ ಇಲ್ಲ, ಇನ್ನೊಬ್ಬರು ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದವರು.

ಹುಡುಗನಿಗೆ ಇನ್ನೊಂದು ಆಟದ ಹುಚ್ಚು ಉಂಟು, ಹಿಲ್ ಕ್ಲೈಂಬ್ ರೇಸಿಂಗ್. ಫಿನ್ಲೆಂಡಿನ ಫಿಂಗರ್‌ಸಾಫ್ಟ್ 2012ರಲ್ಲಿ ತಂದದ್ದು. ಜೀಪಿನ ಜೊತೆಗೆ ಅದರಲ್ಲಿ ಒಂದು ಗುಡ್ಡ ಹಾರುವ ಬೈಕೂ ಇದೆ. ಅದರಲ್ಲಿ ನನಗೆ ಇಷ್ಟವಾದದ್ದು ಒಂದೇ ಸಂಗತಿ. ಬೈಕು ಗಾಳಿಯಲ್ಲಿ ಇರುವಾಗ ಗ್ಯಾಸ್, ಅಂದರೆ ಆಕ್ಸಿಲರೇಟರ್, ಒತ್ತಿದರೆ ಮೂತಿ ಮೇಲಕ್ಕೆ ಏಳುತ್ತದೆ, ಬ್ರೇಕ್ ಒತ್ತಿದರೆ ಕೆಳಕ್ಕೆ ಬರುತ್ತದೆ. ನೆಲವೇ ಇಲ್ಲದ ಕಡೆ ಬ್ರೇಕ್ ಯಾವುದನ್ನು ನಿಲ್ಲಿಸುತ್ತದೆ ಅಂತ ನಾನು ನಕ್ಕಿದ್ದೆ. ಆಮೇಲೆ ಗೊತ್ತಾಯಿತು, ಮಣ್ಣಿನ ದಿಬ್ಬ ಹಾರಿಸಿ ಓಡಿಸುವ ನಿಜವಾದ ಮೋಟೋಕ್ರಾಸ್ ಸವಾರರು ಮಾಡುವುದೂ ಇದನ್ನೇ. ಹಿಂದಿನ ಚಕ್ರ ಜೋರಾಗಿ ಮುಂದಕ್ಕೆ ತಿರುಗಿದರೆ ಬೈಕಿನ ಮೈ ಅದಕ್ಕೆ ಎದುರಾಗಿ ಹಿಂದಕ್ಕೆ ತಿರುಗುತ್ತದೆ. ಚಕ್ರ ತಟ್ಟನೆ ನಿಂತರೆ ಅದರ ತಿರುಗುವ ರಭಸವೆಲ್ಲ ಮೈಗೆ ಬಂದು ಮೂತಿ ಬಗ್ಗುತ್ತದೆ. ನಮ್ಮ ಉಡುಪಿಯವರೇ ಆದ ಕೆ.ಪಿ. ಅರವಿಂದ್ ಮೋಟೋಕ್ರಾಸ್, ರ‍್ಯಾಲಿಗಳಲ್ಲಿ ಪಳಗಿ, ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿಯವರೆಗೆ ಹೋದವರು, 2019ರಲ್ಲಿ ಅದನ್ನು ಪೂರ್ತಿ ಓಡಿಸಿ ಮುಗಿಸಿದವರು. ಟಿವಿಯಲ್ಲಿ ಬಿಗ್ ಬಾಸ್ ನೋಡಿ ಅವರನ್ನು ಗುರುತಿಸುವವರೇ ಊರಲ್ಲಿ ಜಾಸ್ತಿ, ಅದೊಂದು ಬೇಜಾರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಹಳೇ ವಿಷಯ ಹೇಳಬೇಕು, ಹೇಳದೇ ಬಿಟ್ಟರೆ ಸರಿಯಲ್ಲ.

ಕಟಪಾಡಿಯ ಸ್ಟಾಪಿನಿಂದ ನಮ್ಮ ಮನೆಗೆ ಶಿರ್ವದ ಕಡೆ ಹೋಗುವ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ಬೆಳಿಗ್ಗೆ ಬೈಕು ಅಂಗಡಿಯ ಪಕ್ಕ ನಿಲ್ಲಿಸಿ ಹೋಗುತ್ತೇನೆ, ಸಂಜೆ ತೆಗೆದುಕೊಂಡು ಮನೆಗೆ. ಹಳೇ ಸ್ಪ್ಲೆಂಡರ್. ಜೂನ್ ತಿಂಗಳು, ಮಳೆ ಆಗಷ್ಟೇ ನಿಂತಿತ್ತು. ಅವತ್ತು ಬಸ್ಸಿನಲ್ಲಿ ನನ್ನ ಅತಿ ದೊಡ್ಡ ಸ್ಕೋರು ಬಂದಿತ್ತು, ಕೈ ಇನ್ನೂ ಬಿಸಿ. ಎದುರಿಗೆ ಒಂದು ರಿಕ್ಷಾ ಹೋಗುತ್ತಿತ್ತು. ಬಲಕ್ಕೆ ಬೇಕಾದಷ್ಟು ಜಾಗ ಇತ್ತು. ಬೇಕಾದಷ್ಟು ಇತ್ತು ಅಂತ ಇನ್ನೊಮ್ಮೆ ಹೇಳುತ್ತೇನೆ. ಆದರೂ ನಾನು ಅದನ್ನು ಸವರಿಕೊಂಡೇ ಹೋದೆ. ನನ್ನ ಕನ್ನಡಿಗೂ ರಿಕ್ಷಾದ ಬದಿಯ ರೆಗ್ಸಿನ್‌ಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಹಾದುಹೋದ ಆ ಕ್ಷಣಕ್ಕೆ ಎದೆಯಲ್ಲಿ ಒಂದು ಸಣ್ಣ ಖುಷಿ ಆಯಿತು, ಚಿಲ್ಲರೆ ಬಿದ್ದ ಹಾಗೆ. ಹಳದಿ ಅಕ್ಷರದಲ್ಲಿ ಏನೋ ಬರುತ್ತದೆ ಅಂತ ಕಣ್ಣು ಕಾದದ್ದು ನನಗೇ ಗೊತ್ತಾಯಿತು.

ಬಿದ್ದಿಲ್ಲ, ಏನೂ ಆಗಿಲ್ಲ. ರಿಕ್ಷಾದವರು ಮಾತ್ರ ಮುಂದಿನ ಕಟ್ಟೆಯ ಹತ್ತಿರ ನನ್ನನ್ನು ಹಿಡಿದರು. "ಎಂತ ಮಾರಾಯ್ರೆ, ಮನೆಗೆ ಹೋಗ್ಲಿಕ್ಕೆ ಇಲ್ವಾ ನಿಮ್ಗೆ?" ಹಿಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ತರಕಾರಿಯ ಚೀಲ. ಅವರು ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು. ನನಗೆ ಕೊಡಲು ಉತ್ತರ ಇರಲಿಲ್ಲ. ನಲವತ್ತಮೂರು ವರ್ಷದವನು, ಆಟದಲ್ಲಿ ಬೋನಸ್ ಬರುತ್ತದೆ ಅಂತ ಮಾಡಿದೆ ಎನ್ನಲಾಗುತ್ತದೆಯೇ? ಸಾರಿ ಹೇಳಿ ಬಂದೆ.

ಆಟ ಯಾವುದಕ್ಕೆಲ್ಲ ದುಡ್ಡು ಕೊಡುತ್ತದೆ ಅಂತ ಅವತ್ತು ರಾತ್ರಿ ಯೋಚಿಸಿದೆ. ಜೋರಾಗಿ ಹೋಗುವುದಕ್ಕೆ, ಸವರುವುದಕ್ಕೆ, ಎದುರು ದಿಕ್ಕಿಗೆ ನುಗ್ಗುವುದಕ್ಕೆ, ಚಕ್ರ ಎತ್ತುವುದಕ್ಕೆ. ಎದುರು ದಿಕ್ಕಿನ ಸವಾರಿ ನಮ್ಮಲ್ಲಿ ಆಟದಲ್ಲಿ ಮಾತ್ರ ಇಲ್ಲ. ಹೈವೇ 66 ನಾಲ್ಕು ಲೇನ್ ಆದ ಮೇಲೆ ಡಿವೈಡರ್ ದಾಟಲು ದೂರ ಹೋಗಬೇಕು ಅಂತ ದಿನವೂ ಎಷ್ಟು ಜನ ರಾಂಗ್ ಸೈಡಿನಲ್ಲಿ ಬರುತ್ತಾರೆ, ಮೀನಿನ ಬುಟ್ಟಿ ಕಟ್ಟಿಕೊಂಡವರು, ಮಗುವನ್ನು ಎದುರು ನಿಲ್ಲಿಸಿಕೊಂಡವರು. ಅವರು ಯಾರೂ ಈ ಆಟ ಆಡಿದವರಲ್ಲ. ಹಾಗಾಗಿ ಎಲ್ಲ ತಪ್ಪನ್ನೂ ಆಟದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನನ್ನ ಕೈ ಕಲಿತದ್ದು ಬೇರೆ, ನನ್ನ ಕಣ್ಣು ಕಲಿತದ್ದು ಬೇರೆ, ಅಷ್ಟು ಮಾತ್ರ ಗೊತ್ತಾಯಿತು. ಕಣ್ಣು ಕಲಿತದ್ದು ಎಲ್ಲಿ ಹೋದರೂ ನಡೆಯುತ್ತದೆ. ಕೈ ಕಲಿತದ್ದು ಫೋನಿನೊಳಗೇ ಇರಬೇಕು.

ಕೈಯ ಲೆಕ್ಕದಲ್ಲಿ ಫೋನಿನ ಬೈಕಿಗೂ ನಿಜದ್ದಕ್ಕೂ ಸಂಬಂಧವೇ ಇಲ್ಲ. ಆಟದಲ್ಲಿ ಬ್ರೇಕು ಒಂದೇ ಬಟನ್. ನಿಜದಲ್ಲಿ ಮುಂದಿನದು, ಹಿಂದಿನದು ಬೇರೆ ಬೇರೆ, ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹೆಚ್ಚು ಕೆಲಸ ಮಾಡುವುದೂ ಅದೇ, ಮಳೆಗೆ ಒದ್ದೆಯಾದ ಬಿಳಿ ಗೆರೆಯ ಮೇಲೆ ಜಾರಿಸುವುದೂ ಅದೇ. ಆಟದಲ್ಲಿ ನಾನು ಇರಿ ಅಂತ ಹೇಳಿದೆನಲ್ಲ ಬಿಳಿ ಗೆರೆಯ ಮೇಲೆ, ಅದೇ ಗೆರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ಬೈಕಿಗೂ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ತಡೆಯುವ ವ್ಯವಸ್ಥೆ, ಕಡ್ಡಾಯ ಆಯಿತು. ನನ್ನ ಹಳೇ ಗಾಡಿಗೆ ಅದೆಲ್ಲ ಇಲ್ಲ. ಇನ್ನೊಂದು, ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡಲ್ಲ, ನಾಲ್ಕು ಪಟ್ಟು. ಆಟದಲ್ಲಿ ಇದು ಮೈಗೆ ಗೊತ್ತಾಗುವುದಿಲ್ಲ.

ಕಣ್ಣಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ. ನೋಡಿದ ಕಡೆಗೇ ಬೈಕು ಹೋಗುತ್ತದೆ. ಜುಲೈ ತಿಂಗಳಲ್ಲಿ ಕೂಳೂರಿನ ಹತ್ತಿರ ಹೊಂಡ ತಪ್ಪಿಸಬೇಕು ಅಂತ ಆ ಹೊಂಡವನ್ನೇ ನೋಡಿದರೆ ಸೀದಾ ಅದರೊಳಗೇ ಇಳಿಯುತ್ತೀರಿ. ಹೊಂಡದ ಪಕ್ಕದ ಒಳ್ಳೆಯ ರಸ್ತೆಯನ್ನು ನೋಡಿ, ಬೈಕು ಅಲ್ಲಿಗೆ ಹೋಗುತ್ತದೆ. ಡಿಕ್ಕಿಯನ್ನೇ ನೋಡ್ತೀರಿ ಅಂತ ಹುಡುಗ ಹೇಳಿದ್ದು ಇದೇ ಅಲ್ವಾ.

ರಿಕ್ಷಾದ ಆ ಸಂಜೆಯ ನಂತರ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮರಳುವಾಗ ಉಚ್ಚಿಲ ಬಂದ ಕೂಡಲೇ ಫೋನು ಬ್ಯಾಗಿನೊಳಗೆ. ಅಲ್ಲಿಂದ ಕಟಪಾಡಿಯವರೆಗೆ ಸುಮ್ನೆ ಕಿಟಕಿಯ ಹೊರಗೆ ನೋಡುವುದು. ಕೈ ತಣ್ಣಗಾಗಲು ಅಷ್ಟು ಹೊತ್ತು ಬೇಕು. ಹೆಂಡತಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಆಡುವುದನ್ನೇ ಬಿಟ್ಟರೆ ಆಯ್ತಲ್ಲ ಅನ್ನುತ್ತಾಳೆ. ಅವಳು ಹೇಳುವುದೂ ಸರಿಯೇ. ಆದರೆ ಬಿಟ್ಟಿಲ್ಲ.

ಕಳೆದ ತಿಂಗಳು ಹುಡುಗನನ್ನು ಸುರತ್ಕಲ್‌ನಿಂದ ನಮ್ಮ ಮನೆಗೆ ಕರೆದುಕೊಂಡು ಬರಬೇಕಿತ್ತು, ಬೈಕಿನಲ್ಲೇ ಹೋಗಿದ್ದೆ. ಹೊರಡುವ ಮೊದಲು ಅವನ ಮಾಮೂಲಿ ಪ್ರಶ್ನೆ. "ಮಾಮ, ಸ್ವಲ್ಪ ದೂರ ನಾನು ಓಡಿಸ್ಲಾ? ಸರ್ವಿಸ್ ರೋಡಲ್ಲಿ ಮಾತ್ರ." ಹದಿನೆಂಟಾಗದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು ಅಂತ ಹೇಳಿದೆ. "ಮಾಲೀಕ ಅಂದ್ರೆ ನೀವಲ್ವಾ?" ಅಂತ ಕೇಳಿ ನಕ್ಕ. ಅಕ್ಕ ಒಳಗಿನಿಂದ ಹೆಲ್ಮೆಟ್ ತಂದು ಅವನ ತಲೆಗೆ ಒತ್ತಿದಳು, ಇನ್ನೊಂದು ಮಾತಿಲ್ಲದೆ.

ಮೂಲ್ಕಿ ಸೇತುವೆ ದಾಟಿ ಹೆಜಮಾಡಿ ಕಳೆದಿತ್ತು. ಎಡದ ಲೇನಿನಲ್ಲಿ ಆರಾಮವಾಗಿ ಬರುತ್ತಿದ್ದೆ. ಬಲಕ್ಕೆ, ನಮಗಿಂತ ಸ್ವಲ್ಪ ಮುಂದೆ, ಒಂದು ಉದ್ದದ ಲಾರಿ. ಹಿಂದಿನಿಂದ ನನ್ನ ಹೆಗಲ ಮೇಲೆ ಬೆರಳು ತಟ್ಟಿತು. "ಮಾಮ, ಲಾರಿಯ ಎದುರಿನ ಕಾರು ಸ್ಲೋ ಆಯ್ತು."

ನನಗೆ ಕಾರೇ ಕಂಡಿರಲಿಲ್ಲ. ಗ್ಯಾಸ್ ಬಿಟ್ಟೆ. ಎರಡು ಸೆಕೆಂಡು ಕಳೆದಿರಬೇಕು, ಲಾರಿ ಇಂಡಿಕೇಟರೂ ಇಲ್ಲ ಹಾರ್ನೂ ಇಲ್ಲ, ಸೀದಾ ನಮ್ಮ ಲೇನಿಗೆ ಬಂತು. ನಾವು ಇರಬೇಕಿದ್ದ ಜಾಗದಲ್ಲಿ ಈಗ ಅದರ ಹಿಂದಿನ ಚಕ್ರಗಳು. ನಾನು ಬದಿಗೆ ನಿಲ್ಲಿಸಿ ಒಂದು ಸಲ ಉಸಿರು ಬಿಟ್ಟೆ.

"ಎಷ್ಟಿತ್ತು ಮಾಮ ಸ್ಪೀಡು?"

"ನಲವತ್ತೆರಡು."

"ಅಷ್ಟೇನಾ?" ಅಂದ ಹುಡುಗ.

ಪಡುಬಿದ್ರಿಯಲ್ಲಿ ಅವನಿಗೆ ಎರಡು ಪ್ಲೇಟ್ ಗೋಳಿಬಜೆ ಕೊಡಿಸಿದೆ. ತಿಂದು ಕೈ ಒರೆಸಿಕೊಂಡು, ನನ್ನ ಫೋನು ಕೇಳಿದ.